ಹುಣಸೆ ಬೀಜ ತೇದು ಕಳೆದ ಲಾಕ್‌ಡೌನ್

2020ರ ಯುಗಾದಿ ಮಾರ್ಚ್ 25ಕ್ಕೆ ಬಂತು. ಅವತ್ತೇ 21 ದಿನದ ಲಾಕ್‌ಡೌನ್ ಕೂಡ ಶುರು. ಬೇವಿನ ಸೊಪ್ಪನ್ನು ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ ಕೊಟ್ಟರು. ಒಬ್ಬಟ್ಟು ತಿಂದು, ಮಲಗಿ ಎದ್ದೆವು. ಮುಂದೇನು? ಮೈಸೂರಿನ ನಮ್ಮ ಮನೆಯಲ್ಲಿ ನಾಲ್ಕು ಜನ, ಮೂರು ಫೋನು. ಫೋನಿಲ್ಲದವರು ಅಮ್ಮ ಒಬ್ಬರೇ.

"ಯುಗಾದಿಗೆ ಊರಲ್ಲಿ ಜೂಜಾಡ್ತಿದ್ರು. ನೀವು ಚೌಕಾಬಾರ ಆದ್ರೂ ಆಡ್ರೋ" ಅಂದರು ಅಮ್ಮ.

ಚೌಕಾಬಾರ ಅಂದರೆ ನೆಲದ ಮೇಲೆ ಚೌಕ ಬರೆದು, ದಾಳದ ಬದಲು ಕವಡೆ ಎಸೆದು ಕಾಯಿ ನಡೆಸುವ ಆಟ. ಮನೆಯಲ್ಲಿ ಕವಡೆ ಇರಲಿಲ್ಲ. ಆದರೆ ಬೀಜ ಬಿಡಿಸದ ಹೊಸ ಹುಣಸೆಹಣ್ಣು ಒಂದು ಚೀಲ ಇತ್ತು. ದುಂಡಗಿರುವ ಬೀಜ ಬೇಡ, ಚಪ್ಪಟೆ ಇರುವುದನ್ನು ಆರಿಸು ಅಂತ ಅಮ್ಮನ ಅಪ್ಪಣೆ. ಅಂಥ ನಾಲ್ಕು ತೆಗೆದುಕೊಂಡು ಒಗೆಯುವ ಕಲ್ಲಿನ ಮೇಲೆ ತೇಯಲು ಕೂತೆ. ಕಂದು ಸಿಪ್ಪೆ ಸುಲಭಕ್ಕೆ ಬಿಡುವುದಿಲ್ಲ. ಮೊದಲು ನಡುವೆ ಒಂದು ಬಿಳಿ ಚುಕ್ಕೆ ಮೂಡುತ್ತದೆ, ತೇಯ್ದಷ್ಟೂ ಅದು ಅಂಚಿನ ಕಡೆ ಹರಡುತ್ತದೆ. ಬೀಜ ಕಾದು ಬೆರಳು ಚುರುಗುಟ್ಟುತ್ತದೆ. ಹತ್ತು ವರ್ಷದ ಮಗಳ ಕೈಗೆ ಸುಮ್ನೆ ಒಂದು ಸಲ ಮುಟ್ಟಿಸಿದೆ, ಕಿರುಚಿದಳು. ಆಮೇಲೆ ಇಡೀ ದಿನ ನನ್ನ ಬೆನ್ನ ಹಿಂದೆ ಅವಳೇ ಬೀಜ ಹಿಡಿದು ಸುತ್ತಿದಳು.

ಮೊದಲ ಸೆಟ್ ಕೆಟ್ಟಿತು. ಹುರುಪಲ್ಲಿ ಅರ್ಧಕ್ಕಿಂತ ಜಾಸ್ತಿ ತೇಯ್ದುಬಿಟ್ಟಿದ್ದೆ. ಬೀಜ ಬಿಲ್ಲೆಯ ಹಾಗೆ ತೆಳ್ಳಗಾಗಿ, ಎಸೆದರೆ ಉರುಳದೆ ಬಿದ್ದಲ್ಲೇ ಕೂರುತ್ತಿತ್ತು. ಎರಡನೇ ಸಲ ಒಂದು ಮೈ ಬೆಳ್ಳಗಾದ ಕೂಡಲೇ ನಿಲ್ಲಿಸಿದೆ.

ಆಟದ ಮನೆ ಬರೆಯುವುದು ಸುಲಭ. ಐದಕ್ಕೆ ಐದು, 25 ಚೌಕ. ನಾಲ್ಕೂ ಬದಿಯ ನಡುವಿನ ಚೌಕಕ್ಕೂ ಮಧ್ಯದ ಚೌಕಕ್ಕೂ ಅಡ್ಡಗೆರೆ ಎಳೆದು ಕಟ್ಟೆ, ಅಂದರೆ ಕಾಯಿಗೆ ಅಪಾಯವಿಲ್ಲದ ಜಾಗ, ಮಾಡಿದರೆ ಮುಗಿಯಿತು. ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದೆವು. ಬೆಳಗ್ಗೆ ನೆಲ ಒರೆಸಿದಾಗ ಹೋಯಿತು, ಮತ್ತೆ ಬರೆದೆವು. ಕೊನೆಗೆ ಒಂದು ಹಳೇ ಬೆಡ್‌ಶೀಟಿನ ಮೇಲೆ ಬರೆದುಕೊಂಡೆವು.

ನಾಲ್ಕು ಬೀಜದಲ್ಲಿ ಎಷ್ಟು ಬಿಳಿ ಮೇಲಾದರೆ ಅಷ್ಟು ಮನೆ ಕಾಯಿ ನಡೆಸಬೇಕು. ನಾಲ್ಕೂ ಬಿಳಿ ಆದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕಂದು ಆದರೆ ಭಾರ, ಎಂಟು. ಇವೆರಡಕ್ಕೂ ಇನ್ನೊಂದು ಸಲ ಎಸೆಯಬಹುದು. ಆದರೆ ಅಮ್ಮನಿಗೆ ಭಾರದ ಮೇಲೆ ಭಾರ! ಮಗಳಿಗೆ ಅನುಮಾನ ಬಂತು. ಲೆಕ್ಕದ ಪ್ರಕಾರ ಚೌಕ 16ಕ್ಕೆ ಒಂದು ಸಲ ಬಿದ್ದರೆ ಭಾರವೂ ಅಷ್ಟೇ ಬೀಳಬೇಕು, ಅಲ್ವಾ? ಕ್ಯಾಲೆಂಡರಿನ ಹಿಂದೆ ಗೀಟು ಹಾಕುತ್ತಾ ಮಧ್ಯಾಹ್ನವೆಲ್ಲ ಎಸೆದಳು. ಭಾರದ ಗೀಟುಗಳೇ ಎಷ್ಟೋ ಜಾಸ್ತಿ ಬಂದವು. ನನ್ನ ಎರಡನೇ ಸೆಟ್ಟೂ ಸರಿ ಇರಲಿಲ್ಲ, ಬಿಳಿ ಮೈ ಕೆಳಗಾಗುವುದೇ ಹೆಚ್ಚು. ಅಮ್ಮನಿಗೆ ಇದು ಮೊದಲ ದಿನವೇ ಗೊತ್ತಾಗಿತ್ತಂತೆ. ಕೇಳಲಿಲ್ಲ, ಅದಕ್ಕೆ ಹೇಳಲಿಲ್ಲ ಅಂದರು.

ಜಗಳ ಶುರುವಾಗಿದ್ದು ನಿಯಮಕ್ಕೆ. ಎದುರಾಳಿಯ ಕನಿಷ್ಠ ಒಂದು ಕಾಯಿ ಕಡಿಯದೆ, ಅಂದರೆ ಹೊಡೆದು ವಾಪಸ್ ಕಳಿಸದೆ, ಹೊರಸುತ್ತಿನಿಂದ ಒಳಸುತ್ತಿಗೆ ಹೋಗುವಂತಿಲ್ಲ ಅನ್ನುವುದು ನಮ್ಮ ಮನೆಯ ಕಟ್ಟುನಿಟ್ಟು. ಹೆಂಡತಿಯ ತವರಲ್ಲಿ ಹಾಗಿಲ್ಲವಂತೆ. ಒಂದೇ ಚೌಕದಲ್ಲಿ ಎರಡು ಕಾಯಿ ಕೂತರೆ ಗಟ್ಟಿ, ಅದನ್ನು ಒಂಟಿ ಕಾಯಿ ಕಡಿಯುವಂತಿಲ್ಲ ಅಂತ ಅವಳದು. ಎರಡು ದಿನ ಆಟಕ್ಕಿಂತ ವಾದವೇ ಜಾಸ್ತಿ ಆಯಿತು. ಕೊನೆಗೆ ಬೆಳಗ್ಗೆ ಅವರ ಮನೆ ನಿಯಮ, ಸಂಜೆ ನಮ್ಮ ಮನೆ ನಿಯಮ ಅಂತ ರಾಜಿ ಆಯಿತು. ನಿಜ ಹೇಳಬೇಕೆಂದರೆ ಅವಳ ಗಟ್ಟಿ ನಿಯಮವೇ ಚೆನ್ನಾಗಿತ್ತು. ಆಟ ಎಳೆಯುತ್ತಿತ್ತು, ನಮಗೆ ಬೇಕಾಗಿದ್ದೂ ಅದೇ ತಾನೆ?

ಲಾಕ್‌ಡೌನ್ ಮೇ 3ಕ್ಕೆ, ಆಮೇಲೆ 17ಕ್ಕೆ, ಆಮೇಲೆ 31ಕ್ಕೆ ಅಂತ ಮುಂದಕ್ಕೆ ಹೋಯಿತು. ಅಷ್ಟು ಹೊತ್ತಿಗೆ ಅಮ್ಮನ ಕಾಯಿ ಒಡೆದ ಹಸಿರು ಬಳೆ ಚೂರು, ನನ್ನದು ಕಾಫಿ ಬೀಜ ಅಂತ ಯಾರೂ ಹೇಳಬೇಕಾಗಿರಲಿಲ್ಲ. ಕಾಯಿ ನಡುಮನೆ ಸೇರಿ ಹಣ್ಣಾದರೆ ಅಮ್ಮ "ಹಣ್ಣಾಯ್ತು" ಅಂತ ಹೇಳಿ ಬಳೆ ಚೂರನ್ನು ಸೆರಗಿನ ಗಂಟಿಗೆ ಹಾಕಿಕೊಳ್ಳುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಮಾತ್ರ ಆಟ ಎತ್ತಲೇಬೇಕು. ಯಾರು ಗೆಲ್ಲುವುದರಲ್ಲಿದ್ದರೂ ಅಷ್ಟೇ.

ಆ ಬೀಜಗಳನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ಇಟ್ಟಿದ್ದೆ. ಹೋದ ವರ್ಷ ತೆಗೆದು ನೋಡಿದರೆ ಎರಡಕ್ಕೆ ಹುಳು ಹಿಡಿದು ಸಣ್ಣ ತೂತು ಬಿದ್ದಿತ್ತು. ಹೊಸದಾಗಿ ಎರಡು ತೇಯ್ದು ಸೇರಿಸಿದೆ. ಮಗಳು ಅವನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ, ಮತ್ತೆ ಗೀಟು ಹಾಕಲು ಪೆನ್ಸಿಲ್ ಹುಡುಕಿದಳು.