ಕಾಯಿಲೆ ಬಿದ್ದ ನಾಯಿಯನ್ನು ಕಳಿಸಿಕೊಡುವಾಗ

ಇನ್ನು ವಾಸಿಯಾಗುವ ಕಾಯಿಲೆಯಲ್ಲ ಎಂದು ಡಾಕ್ಟರು ಹೇಳಿದ ದಿನವೂ ನಾಯಿ ಬಾಲ ಆಡಿಸುತ್ತಾ ನಿಮ್ಮೆದುರು ನಿಂತಿರುತ್ತದೆ. ಮಾತಾಡಿ ಮುಗಿಸಬೇಕಾದ್ದನ್ನೆಲ್ಲ ಆಗಲೇ ಮುಗಿಸಿಕೊಳ್ಳಬೇಕು. ನಡುರಾತ್ರಿ ಕರೆಂಟಿಲ್ಲ, ಮಳೆ ಹೊಡೆಯುತ್ತಿದೆ, ನಾಯಿ ನರಳುತ್ತಿದೆ, ಡಾಕ್ಟರ ಫೋನು ಸಿಗುತ್ತಿಲ್ಲ ಅನ್ನುವ ಹೊತ್ತಿನಲ್ಲಿ ಯಾವ ತೀರ್ಮಾನವೂ ನೆಟ್ಟಗೆ ಆಗುವುದಿಲ್ಲ.

ನಮ್ಮದು ತೀರ್ಥಹಳ್ಳಿ ಕಡೆಯ ತೋಟದ ಮನೆ. ಕೆಂಚ ಊರ ನಾಯಿಯೇ. 13 ವರ್ಷ ನಮ್ಮ ಜೊತೆ ಇದ್ದು, ಕಿಡ್ನಿ ಫೇಲಾಗಿ, ಕೊನೆಗೆ ಡಾಕ್ಟರ ಇಂಜೆಕ್ಷನ್ನಿನಿಂದ ನೋವಿಲ್ಲದೆ ಹೋದ. ಅವನಿಗೆ ಮಾಡಿದ್ದನ್ನು, ಆಮೇಲೆ ಸುತ್ತಲಿನ ಮನೆಗಳಲ್ಲಿ ನಾಯಿ ಕಾಯಿಲೆ ಬಿದ್ದಾಗ ಕರೆದವರಿಗೆಲ್ಲ ಹೇಳಿಕೊಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಪೇಟೆಯವರಿಗೆ ಒಂದೆರಡು ಸಂಗತಿ ಬೇರೆಯಾಗಬಹುದು, ಉಳಿದದ್ದೆಲ್ಲ ಒಂದೇ.

ಡಾಕ್ಟರ ಹತ್ತಿರ ಏನು ಕೇಳಬೇಕು

"ಎಷ್ಟು ದಿನ ಬದುಕುತ್ತೆ?" ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೆ ಯಾವ ಡಾಕ್ಟರಿಗೂ ಸರಿಯಾದ ಉತ್ತರ ಕೊಡಲಾಗುವುದಿಲ್ಲ. ಅದರ ಬದಲು, "ಈ ಕಾಯಿಲೆ ಕೊನೆಗೆ ಹೇಗೆ ಕಾಣಿಸಿಕೊಳ್ಳುತ್ತೆ? ಯಾವ ಲಕ್ಷಣ ಕಂಡರೆ ನಾನು ತಡಮಾಡಬಾರದು?" ಎಂದು ಕೇಳಿ. ಹೃದಯದ ಕಾಯಿಲೆಯಲ್ಲಿ ಉಸಿರು ಕಟ್ಟುವುದು ಮುಖ್ಯ. ಮಲಗಿ ನಿದ್ದೆ ಹೋದ ನಾಯಿ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ ಫೋನು ಮಾಡಲೇಬೇಕು. ಕಿಡ್ನಿಯದ್ದಾದರೆ ದಾರಿಯೇ ಬೇರೆ. ಮೊದಲು ವಿಪರೀತ ನೀರು ಕುಡಿಯುತ್ತದೆ, ಆಮೇಲೆ ಊಟ ಬಿಡುತ್ತದೆ, ವಾಂತಿ ಶುರುವಾಗುತ್ತದೆ, ಬಾಯಿ ಅಮೋನಿಯಾದ ಹಾಗೆ ವಾಸನೆ ಬಂದು ನಾಲಿಗೆಯ ಅಂಚಿನಲ್ಲಿ, ಒಸಡಿನಲ್ಲಿ ಹುಣ್ಣಾಗುತ್ತದೆ. ರಕ್ತಪರೀಕ್ಷೆಯ ಚೀಟಿಯಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸದ ಅಂಶ, ಎಷ್ಟಿದೆ ನೋಡಿ. ಡ್ರಿಪ್ ಹಾಕಿ ಮೈಯಲ್ಲಿ ನೀರಿನಂಶ ಸರಿಹೋದ ಮೇಲೂ ಅದು 5 (mg/dL) ದಾಟಿಯೇ ಇದ್ದರೆ ನಾಲ್ಕನೆಯ, ಅಂದರೆ ಕೊನೆಯ ಹಂತ.

ನಮ್ಮ ಕಡೆ ಇಲಿ ಜ್ವರವೂ ನಾಯಿಯ ಕಿಡ್ನಿ ಕೆಡಿಸುತ್ತದೆ, ಮೂತ್ರದಿಂದ ಅದು ಮನುಷ್ಯರಿಗೂ ಬರುತ್ತದೆ. ಅದಕ್ಕೇ ಕಾರಣ ಏನೆಂದು ಕೇಳಿ ತಿಳಿದುಕೊಳ್ಳಿ. ಗೊತ್ತಾಗುವ ತನಕ ಉಚ್ಚೆ ಒರೆಸುವಾಗ ಕೈಗವಸು ಇರಲಿ, ನೆಲಕ್ಕೆ ಬ್ಲೀಚಿಂಗ್ ಪುಡಿಯ ನೀರು ಹಾಕಿ.

ಮನೆಯಲ್ಲಿರುವ ಪ್ಯಾರಾಸಿಟಮಾಲ್, ಬ್ರೂಫಿನ್ ಮಾತ್ರೆಗಳನ್ನು ಯಾರು ಹೇಳಿದರೂ ಕೊಡಬೇಡಿ. ನಮಗೆ ನೋವು ಇಳಿಸುವ ಆ ಮಾತ್ರೆ ನಾಯಿಯ ಲಿವರು, ಕಿಡ್ನಿ, ಹೊಟ್ಟೆಯನ್ನು ಹಾಳುಮಾಡುತ್ತದೆ. ನಾಯಿಗೆಂದೇ ನೋವಿನ ಔಷಧಿ ಇದೆ, ಅದನ್ನು ಬರೆಸಿಕೊಳ್ಳಿ.

ಉಳಿದ ದಿನಗಳ ಆರೈಕೆ

ಚರ್ಮದಡಿ ನೀರು ಕೊಡುವುದನ್ನು, ಊರಿನವರ ಮಾತಿನಲ್ಲಿ ಗ್ಲೂಕೋಸ್ ಹಾಕುವುದನ್ನು, ಡಾಕ್ಟರ ಹತ್ತಿರವೇ ಕಲಿತುಕೊಳ್ಳಬಹುದು. ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರವದ ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟು, ಕೈಗೆ ತಣ್ಣಗಾಗದಷ್ಟು ಮಾಡಿಕೊಳ್ಳಬೇಕು. ಭುಜದ ನಡುವಿನ ಸಡಿಲ ಚರ್ಮವನ್ನು ಎತ್ತಿ ಹಿಡಿದು ಸೂಜಿ ಚುಚ್ಚಿದರೆ ಅಲ್ಲೊಂದು ಗಂಟಿನ ಹಾಗೆ ಉಬ್ಬುತ್ತದೆ, ನಿಧಾನಕ್ಕೆ ಮುಂಗಾಲಿನ ಕಡೆ ಜಾರಿ ಇಳಿದುಹೋಗುತ್ತದೆ. ಹೆದರಬೇಡಿ. ಎಷ್ಟು ಮಿಲಿ, ದಿನಕ್ಕೆಷ್ಟು ಸಲ ಅನ್ನುವುದು ತೂಕದ ಮೇಲೆ ಡಾಕ್ಟರು ಹೇಳಿದಷ್ಟೇ. ಹೃದಯದ ತೊಂದರೆ ಇರುವ ನಾಯಿಗೆ ಇದು ಅಪಾಯ.

ಮಲಗುವ ಜಾಗ ಬದಲಿಸಬೇಡಿ. ಕೆಂಚ ಮಳೆಗಾಲವೆಲ್ಲ ಬಚ್ಚಲ ಒಲೆಯ ಪಕ್ಕ, ಬೂದಿಗೆ ಬೆನ್ನು ತಾಗಿಸಿ ಮಲಗುತ್ತಿದ್ದ. ಜಗಲಿಯ ಮೇಲೆ ಮೆತ್ತಗೆ ಹಾಸಿಗೆ ಮಾಡಿಕೊಟ್ಟರೆ ಮೂಸಿ ನೋಡಿ, ಗೋಡೆ ಹಿಡಿದುಕೊಂಡು ವಾಪಸು ಬಚ್ಚಲಿಗೇ ಹೋದ. ಕೊನೆಗೆ ಹಾಸಿಗೆಯನ್ನೇ ಅಲ್ಲಿಗೆ ಒಯ್ದೆವು. ಕೆಳಗೆ ಗೋಣಿಚೀಲ, ಅದರ ಮೇಲೆ ಹಳೆ ಪಂಚೆ. ಏಳಲಾಗದ ನಾಯಿಯನ್ನು ನಾಲ್ಕು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸಿ ಮಲಗಿಸಿ, ಇಲ್ಲದಿದ್ದರೆ ಸೊಂಟದ ಮೂಳೆ ಒತ್ತಿ ಹುಣ್ಣಾಗುತ್ತದೆ. ನೊಣ ಕೂರದ ಹಾಗೆ ಹಿಂಭಾಗ ಒಣಗಿಸಿಡಿ. ಮಲೆನಾಡಿನ ಮಳೆಯಲ್ಲಿ ಒಂದೇ ದಿನಕ್ಕೆ ಹುಳ ಬೀಳುತ್ತವೆ.

ಪಥ್ಯ ಎಲ್ಲಿಯವರೆಗೆ? ಚಿಕಿತ್ಸೆಯಿಂದ ದಿನ ಹೆಚ್ಚುತ್ತದೆ ಅನ್ನುವವರೆಗೆ ಪಥ್ಯ. ಅದು ಮುಗಿಯಿತು ಎಂದು ಡಾಕ್ಟರು ಒಪ್ಪಿದ ಮೇಲೆ ನಾಯಿ ಇಷ್ಟಪಡುವುದನ್ನೇ ಕೊಡಿ. ಮೂಳೆ ಬೇಡ, ಈರುಳ್ಳಿ ಬೇಡ. ಕೆಂಚನಿಗೆ ಕಡುಬನ್ನು ಈರುಳ್ಳಿ ಇಲ್ಲದೆ ಬೇಯಿಸಿದ ಕೋಳಿಯ ತಿಳಿಯಲ್ಲಿ ಕಿವುಚಿ, ಬೆರಳಲ್ಲಿ ನೆಕ್ಕಿಸುತ್ತಿದ್ದೆ.

ದಿನಕ್ಕೊಂದು ಗುರುತು

ಪ್ರತಿದಿನ ನೋಡುವವರ ಕಣ್ಣಿಗೆ ಇಳಿತ ಕಾಣುವುದಿಲ್ಲ. ಅದಕ್ಕೆ ಬರೆದಿಡಬೇಕು. ಅಮೆರಿಕದ ಪಶು ಕ್ಯಾನ್ಸರ್ ತಜ್ಞೆ ಆಲಿಸ್ ವಿಲ್ಲಲೋಬೋಸ್ 2004ರಲ್ಲಿ ಒಂದು ಅಳತೆ ಕೊಟ್ಟರು. ಈಗ ಎಲ್ಲ ಕಡೆ ಬಳಕೆಯಲ್ಲಿದೆ. ನೋವು, ಹಸಿವು, ನೀರಿನಂಶ, ಶುಚಿ, ಖುಷಿ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನ ಹೆಚ್ಚಿದೆಯೇ ಅನ್ನುವುದು, ಹೀಗೆ ಏಳು ಬಾಬತ್ತು. ಒಂದೊಂದಕ್ಕೆ 10 ಅಂಕ. ನೋವಿಲ್ಲದೆ ಆರಾಮಾಗಿದ್ದರೆ 10. ಒಟ್ಟು 35ಕ್ಕಿಂತ ಹೆಚ್ಚಿದ್ದರೆ ಆರೈಕೆ ಮುಂದುವರಿಸಬಹುದು. ನೋವಿನ ಬಾಬತ್ತಿನಲ್ಲಿ ಉಸಿರಾಟವೂ ಸೇರುತ್ತದೆ, ಅದನ್ನೇ ಮೊದಲು ನೋಡಬೇಕು.

ಅಂಕ ಹಾಕುವುದು ಕಷ್ಟ ಅನ್ನುವವರಿಗೆ ನಾನು ಹೇಳುವುದು ಇದು. ನಿಮ್ಮ ನಾಯಿ ಜೀವಕ್ಕಿಂತ ಹೆಚ್ಚಾಗಿ ಇಷ್ಟಪಡುವ ಮೂರು ಕೆಲಸ ಬರೆಯಿರಿ, ಅದು ಮಾಡಿದ ದಿನ ಕ್ಯಾಲೆಂಡರಿನಲ್ಲಿ ಒಂದೊಂದಕ್ಕೂ ಗುರುತು ಹಾಕಿ. ಕೆಂಚನದ್ದು: ತೋಟಕ್ಕೆ ಇಳಿದ ಮಂಗಗಳನ್ನು ಅಟ್ಟುವುದು, ಇವರ (ನನ್ನ ಯಜಮಾನರ) ಸ್ಕೂಟರ್ ಸದ್ದಿಗೆ ಬೇಲಿಯ ದಣಪೆಯ ಹತ್ತಿರ ಓಡುವುದು, ಅತ್ತೆ ಎಲೆ ಅಡಿಕೆ ಹಾಕುವಾಗ ಅವರ ಕಾಲ ಮೇಲೆ ತಲೆ ಇಡುವುದು. ಮಂಗ ಬಂದರೆ ಕಿವಿ ಮಾತ್ರ ನಿಮಿರುವುದು ಶುರುವಾಯಿತು. ಆಮೇಲೆ ಸ್ಕೂಟರ್ ಬಂದರೂ ಮಲಗಿದಲ್ಲೇ ಬಾಲ ನೆಲಕ್ಕೆ ಬಡಿಯುತ್ತಿದ್ದ. ಅತ್ತೆ ಹತ್ತಿರ ಕೂತರೂ ತಲೆ ತಿರುಗಿಸಿಕೊಂಡು ಗೋಡೆಯ ಕಡೆ ಮುಖ ಮಾಡಿದ ದಿನ ಕ್ಯಾಲೆಂಡರಿನಲ್ಲಿ ಮೂರೂ ಗುರುತು ಇಲ್ಲ. ಅತ್ತೆಯೇ ನೋಡಿ, "ಇನ್ನು ಸಾಕು ಮಾರಾಯ್ತಿ, ಡಾಕ್ಟರಿಗೆ ಹೇಳು" ಅಂದರು.

ಮನೆಯವರ ಒಪ್ಪಿಗೆ

ಅದಕ್ಕೂ ಮುಂಚೆ, ಇಂಜೆಕ್ಷನ್ ಕೊಡಿಸಿ ಕಳಿಸಿಕೊಡುವುದಕ್ಕೆ ಅತ್ತೆ ಒಪ್ಪಿರಲಿಲ್ಲ. "ಜೀವ ಕೊಟ್ಟವನೇ ತಗೊಳ್ಳಲಿ" ಅನ್ನುತ್ತಿದ್ದರು. ಇದು ನಮ್ಮಲ್ಲಿ ಬಹಳ ಮನೆಗಳ ಮಾತು, ಅದನ್ನು ತಳ್ಳಿಹಾಕಬಾರದು. ನಾನು ವಾದಕ್ಕೆ ಇಳಿಯಲಿಲ್ಲ. ಕೆಂಚನ ಬಾಯಿ ಬಿಡಿಸಿ ನಾಲಿಗೆಯ ಹುಣ್ಣು ತೋರಿಸಿದೆ, ಅಷ್ಟೆ. ನೋವು ಇಳಿಸಿಕೊಂಡು, ನೀರು ಕೊಟ್ಟುಕೊಂಡು, ತಾನಾಗಿ ಹೋಗಲಿ ಎಂದು ಕಾಯುವುದೂ ಒಂದು ದಾರಿ. ಆದರೆ ಅದಕ್ಕೆ ನೋವಿನ ಔಷಧಿ, ಹಗಲು ರಾತ್ರಿ ಒಬ್ಬರು ಹತ್ತಿರ ಇರುವುದು, ಡಾಕ್ಟರ ಬೆಂಬಲ ಮೂರೂ ಬೇಕು. ಔಷಧಿ ನಿಲ್ಲಿಸಿ ಮೂಲೆಯಲ್ಲಿ ಬಿಡುವುದನ್ನು ದೇವರಿಗೆ ಬಿಟ್ಟದ್ದು ಎಂದು ಹೇಳಬಾರದು.

ಹಳ್ಳಿಯಲ್ಲಿ ಇನ್ನೊಂದು ಮಾತು ಬರುತ್ತದೆ. ಕೋವಿ ಇದೆ, ಒಂದು ಗುಂಡು ಸಾಕು ಎಂದೋ, ಏನಾದರೂ ಹಾಕಿದರೆ ಮುಗಿಯುತ್ತದೆ ಎಂದೋ. ಹೇಳುವವರು ಕೆಟ್ಟವರೇನಲ್ಲ, ಅವರಿಗೆ ಗೊತ್ತಿದ್ದದ್ದು ಅಷ್ಟು. ನೇರವಾಗಿ ಬೇಡ ಅನ್ನಿ. ವಿಷ ತಿಂದ ನಾಯಿ ಪ್ರಜ್ಞೆ ಇದ್ದೇ ಸೆಳೆತಕ್ಕೆ ಒದ್ದಾಡಿ ಸಾಯುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಕ್ರೂರವಾಗಿ ಕೊಲ್ಲುವುದು ಅಪರಾಧ. ಹಿಂದೆಲ್ಲ ಹೃದಯಕ್ಕೆ ಚುಚ್ಚುತ್ತಿದ್ದ ಸ್ಟ್ರಿಕ್‌ನಿನ್ ವಿಷದ ಹೆಸರು ಹಿಡಿದೇ ಅದರಲ್ಲಿ ಬರೆದಿದೆ.

ಮಕ್ಕಳಿಗೆ ಸತ್ಯ ಹೇಳಿ. "ಕೆಂಚ ಮಲಗಿದ್ದಾನೆ", "ಆಸ್ಪತ್ರೆಗೆ ಹೋಗಿದ್ದಾನೆ" ಎಂದರೆ ಅವು ದಾರಿ ಕಾಯುತ್ತವೆ. ಮೂರನೇ ಕ್ಲಾಸಿನ ನನ್ನ ಮಗಳಿಗೆ, ಕೆಂಚನ ಕಿಡ್ನಿ ಕೆಟ್ಟಿದೆ, ಸರಿಯಾಗಲ್ಲ, ನಾಳೆ ಡಾಕ್ಟರು ನೋವಾಗದ ಹಾಗೆ ಇಂಜೆಕ್ಷನ್ ಕೊಡ್ತಾರೆ, ಆಮೇಲೆ ಅವನು ಸಾಯ್ತಾನೆ ಎಂದು ಹೇಳಿದೆ. ಅತ್ತಳು. ಆಮೇಲೆ ಹೋಗಿ ಅವನ ಕಿವಿಯಲ್ಲಿ ಏನೋ ಹೇಳಿ ಬಂದಳು. ಏನೆಂದು ನಾನು ಕೇಳಲಿಲ್ಲ. ದೂರದಲ್ಲಿರುವವರಿಗೂ ಮೊದಲೇ ತಿಳಿಸಿ, ವಿಡಿಯೋ ಕಾಲಿನಲ್ಲಾದರೂ ದನಿ ಕೇಳಿಸಲಿ.

ಆ ದಿನ

ಡಾಕ್ಟರನ್ನು ಮನೆಗೆ ಕರೆಸಲು ಸಾಧ್ಯವಾದರೆ ಹಾಗೇ ಮಾಡಿ, ಬೆಳಗಿನ ಹೊತ್ತು ಇಟ್ಟುಕೊಳ್ಳಿ. ಆಮೇಲೆ ಮಣ್ಣಿನ ಕೆಲಸಕ್ಕೆ ಬೆಳಕು ಬೇಕು. ಹಣ, ಸಹಿ ಏನಿದ್ದರೂ ಮೊದಲೇ ಮುಗಿಸಿ. ಮುಖ್ಯವಾದದ್ದು ಒಂದು ಪ್ರಶ್ನೆ: "ಮೊದಲು ಮಂಪರಿನ ಇಂಜೆಕ್ಷನ್ ಕೊಡ್ತೀರಾ?" ಕೊಡಲೇಬೇಕು. ಎಚ್ಚರ ಇರುವಾಗಲೇ ನೇರ ಕೊನೆಯ ಇಂಜೆಕ್ಷನ್ ಕೊಡುವೆ ಅನ್ನುವವರಾದರೆ ಬೇರೆ ಡಾಕ್ಟರನ್ನು ನೋಡಿ. ಮಂಪರಿನ ಕೆಲವು ಔಷಧಿಗೆ ವಾಂತಿ ಬರುತ್ತದೆ, ಎಷ್ಟು ಹೊತ್ತು ಮುಂಚೆ ಊಟ ನಿಲ್ಲಿಸಬೇಕು ಎಂದೂ ಕೇಳಿಕೊಳ್ಳಿ.

ಮಂಪರು ಹತ್ತಿದ ಮೇಲೆ ಮುಂಗಾಲಿನ ಕೂದಲು ಸ್ವಲ್ಪ ಬೋಳಿಸಿ ನರಕ್ಕೆ ಸೂಜಿ ಕೂರಿಸುತ್ತಾರೆ. ನಮ್ಮಲ್ಲಿ ಹೆಚ್ಚಾಗಿ ಬಳಸುವುದು ಥಯೋಪೆಂಟೋನ್. ಆಪರೇಷನ್ನಿಗೆ ಪ್ರಜ್ಞೆ ತಪ್ಪಿಸುವ ಔಷಧಿಯೇ, ಪ್ರಮಾಣ ಮಾತ್ರ ಬಹಳ ಹೆಚ್ಚು. ಮೊದಲು ಪ್ರಜ್ಞೆ ಹೋಗುತ್ತದೆ, ಆಮೇಲೆ ಉಸಿರು, ಆಮೇಲೆ ಹೃದಯ. ನಿಮಿಷಗಳಲ್ಲಿ ಮುಗಿಯುತ್ತದೆ.

ಇದನ್ನು ಮೊದಲೇ ತಿಳಿದಿರಿ: ಕಣ್ಣು ಮುಚ್ಚುವುದಿಲ್ಲ. ಎಲ್ಲ ಮುಗಿದ ಮೇಲೂ ಒಂದೆರಡು ಸಲ ಎದೆ ಎಳೆದ ಹಾಗೆ ಉಸಿರು ಬರಬಹುದು, ಕಾಲಿನ ಸ್ನಾಯು ನಡುಗಬಹುದು, ಉಚ್ಚೆ ಹೊರಬರುತ್ತದೆ. ನಾಯಿಗೆ ಆಗ ಏನೂ ಗೊತ್ತಾಗುತ್ತಿರುವುದಿಲ್ಲ. ಇದನ್ನು ಯಾರೂ ಹೇಳಿರದಿದ್ದರೆ, ಇನ್ನೂ ಜೀವ ಇತ್ತೇನೋ ಎಂಬ ಸಂಶಯ ಮನೆಯವರನ್ನು ವರ್ಷಗಟ್ಟಲೆ ಕಾಡುತ್ತದೆ. ಡಾಕ್ಟರು ಸ್ಟೆತಾಸ್ಕೋಪಿನಲ್ಲಿ ಕೇಳಿ ಹೇಳುವ ತನಕ ಕೂತಿರಿ.

ಯಾರು ತಲೆ ಹಿಡಿಯುವುದು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ನೋಡಲಾಗದವರು ಹೊರಗೆ ಇರಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಅದಕ್ಕೆ ಪರಿಚಯದ ದನಿ ಒಂದು ಇರಲೇಬೇಕು. ನಾನು ಕೆಂಚನ ಗದ್ದವನ್ನು ಅಂಗೈಯಲ್ಲಿ ಇಟ್ಟುಕೊಂಡಿದ್ದೆ. ಕಿವಿಯ ಹಿಂದೆ ಅವನಿಗೆ ಯಾವಾಗಲೂ ಕೆರೆಯುತ್ತಿದ್ದ ಜಾಗವನ್ನು ಹೆಬ್ಬೆರಳಲ್ಲಿ ಉಜ್ಜುತ್ತಿದ್ದೆ. ಸೂಜಿ ಹೋಗುವ ಮುಂಚೆಯೇ, ಮಂಪರಿನಲ್ಲೇ, ಗದ್ದದ ಭಾರವೆಲ್ಲ ನನ್ನ ಕೈಗೆ ಬಂತು. ಇವರು ಹಿಂಗಾಲು ಸವರುತ್ತಾ "ಹೋಗು ಮಗಾ, ತೋಟ ನಾನು ನೋಡ್ಕೋತೀನಿ" ಅಂದರು. ಅತ್ತೆ ಹತ್ತಿಯಲ್ಲಿ ಅದ್ದಿ ಬಾಯಿಗೆ ಎರಡು ಹನಿ ತುಳಸಿ ನೀರು ಬಿಟ್ಟರು. ಮಂಪರಿಗೆ ಮುಂಚೆ ಬಿಟ್ಟದ್ದು, ಪ್ರಜ್ಞೆ ತಪ್ಪಿದ ಮೇಲೆ ಬಾಯಿಗೆ ನೀರು ಹಾಕಬಾರದು.

ಮಣ್ಣು

ಕೆಲವೇ ಗಂಟೆಗಳಲ್ಲಿ ಮೈ ಸೆಟೆಯುತ್ತದೆ. ಅದಕ್ಕೆ ಮೊದಲು ಕಾಲು ಮಡಿಸಿ, ಅದು ಮಲಗುತ್ತಿದ್ದ ಹಾಗೆ ಸುರುಳಿ ಮಾಡಿ ಹತ್ತಿ ಬಟ್ಟೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ಬೇಡ, ಮಣ್ಣಾಗುವುದಿಲ್ಲ. ಮೈ ತಣ್ಣಗಾಗುತ್ತಿದ್ದಂತೆ ಉಣುಗುಗಳು ಇಳಿದು ಹೊರಗೆ ಬರುತ್ತವೆ, ಹಾಸಿದ ಬಟ್ಟೆಯನ್ನು ಹಾಗೇ ಸುಟ್ಟುಬಿಡಿ.

ಗುಂಡಿಯ ಜಾಗ ಬೇಸಿಗೆಯಲ್ಲೇ ನೋಡಿಟ್ಟುಕೊಂಡರೆ ಒಳ್ಳೆಯದು. ಬಾವಿ, ಹಳ್ಳದಿಂದ ದೂರ, ಎತ್ತರದ ದಿಬ್ಬ. ಮಳೆಗಾಲದಲ್ಲಿ ತಗ್ಗಿನಲ್ಲಿ ತೋಡಿದರೆ ಎರಡಡಿಗೇ ಒರತೆ ನೀರು. ಕನಿಷ್ಠ ನಾಲ್ಕಡಿ ಆಳ ಬೇಕು. ಮಣ್ಣು ಮುಚ್ಚಿ ತುಳಿದ ಮೇಲೆ ಅಗಲದ ಕಲ್ಲು ಹೇರಿ. ಹಂದಿ, ನರಿ ಬಗೆಯುತ್ತವೆ, ಇಂಜೆಕ್ಷನ್ನಿನ ಔಷಧಿ ಮೈಯಲ್ಲಿ ಹಾಗೇ ಉಳಿದಿರುವುದರಿಂದ ತಿಂದ ಪ್ರಾಣಿಯೂ ಸಾಯಬಹುದು. ಹಿರಿಯರು ಉಪ್ಪು ಹಾಕಿಸುತ್ತಾರೆ. ಬೇಕೇಬೇಕೆಂದಿಲ್ಲ, ಹಾಕುವುದಾದರೆ ಅಡಿಕೆ ಮರದ ಬುಡದಿಂದ ದೂರ ಇರಲಿ.

ಬೆಂಗಳೂರಿನವರಿಗೆ ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ಆವರಣದಲ್ಲಿ ಸಾಕುಪ್ರಾಣಿಗಳ ಸ್ಮಶಾನವಿದೆ, ಸುಮನಹಳ್ಳಿಯಲ್ಲಿ ಪ್ರಾಣಿಗಳ ಚಿತಾಗಾರವಿದೆ. ನಾಯಿ ಇನ್ನೂ ಇರುವಾಗಲೇ ಫೋನು ಮಾಡಿ ಸಮಯ, ಖರ್ಚು ಕೇಳಿ ಬರೆದಿಟ್ಟುಕೊಳ್ಳಿ.

"ನಾಯಿಗೆ ಇಷ್ಟೆಲ್ಲಾ ಮಾಡ್ತಾರಾ" ಎಂದವರಿಗೆ ನಾನು ಆತಕೂರಿನ ಕಲ್ಲಿನ ವಿಷಯ ಹೇಳುತ್ತೇನೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ, ಕ್ರಿ.ಶ. 950ರ ಆಸುಪಾಸಿನಲ್ಲಿ, ಗಂಗ ದೊರೆ ಇಮ್ಮಡಿ ಬೂತುಗನ ಕಡೆಯ ಮಣಲೆರ ಎಂಬ ವೀರ ತನ್ನ ನಾಯಿ ಕಾಳಿಗೆ ಕಲ್ಲು ನಿಲ್ಲಿಸಿದ. ಯುದ್ಧದ ಗೆಲುವಿಗೆ ಏನು ಬೇಕು ಎಂದಾಗ ಆತ ಕೇಳಿ ಪಡೆದದ್ದೇ ಆ ನಾಯಿಯನ್ನು. ಕಾಡುಹಂದಿಯೊಂದಿಗೆ ಹೋರಾಡಿ ಎರಡೂ ಸತ್ತವು. ಕಲ್ಲಿನ ಪೂಜೆಗೆ ಭೂಮಿಯನ್ನೂ ಬಿಟ್ಟ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಗೆ ಇಂಥದೇ ವಿಧಿ ಎಂದು ನಮ್ಮಲ್ಲಿ ಕಟ್ಟುಪಾಡಿಲ್ಲ, ನಿಮಗೆ ತೋಚಿದ್ದನ್ನು ಮಾಡಿ. ನಾಯಿ ಕಾಲಭೈರವನ ವಾಹನ ಎಂದು ಅತ್ತೆ ಬಸ್ ಸ್ಟ್ಯಾಂಡಿನ ನಾಯಿಗಳಿಗೆಲ್ಲ ಕಡುಬು ಹಾಕಿಸಿದರು.

ಆಮೇಲಿನ ಕೆಲಸಗಳು

ಉಳಿದ ಸೂಜಿಗಳನ್ನು ಗಟ್ಟಿ ಡಬ್ಬಿಯಲ್ಲಿ ತುಂಬಿ ಪಶು ಆಸ್ಪತ್ರೆಗೆ ಕೊಡಿ, ತೋಟಕ್ಕೆ ಎಸೆಯಬೇಡಿ. ಒಡೆಯದ ಡ್ರಿಪ್ ಬಾಟಲಿಗಳೂ ಅಲ್ಲಿಗೇ ಹೋಗಲಿ, ಇನ್ನೊಂದು ನಾಯಿಗೆ ಆಗುತ್ತದೆ. ನಿಮ್ಮ ನಾಯಿ ಪಾರ್ವೊ ಎಂಬ ವಾಂತಿಭೇದಿಯ ಅಂಟುರೋಗ ಬಂದು ಸತ್ತಿದ್ದರೆ ಆ ವೈರಸ್ಸು ಅಂಗಳದ ಮಣ್ಣಿನಲ್ಲಿ ವರ್ಷದವರೆಗೂ ಇರಬಲ್ಲದು. ಲಸಿಕೆ ಪೂರ್ತಿಯಾಗದ ಮರಿಯನ್ನು ತರಬೇಡಿ.

ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಸತ್ತದ್ದನ್ನು ಮೂಸಿ ನೋಡಲು ಬಿಡಿ, ಅಂಟುರೋಗ ಇರದಿದ್ದರೆ ಮಾತ್ರ. ನಮ್ಮ ಬೆಳ್ಳಿ ಬಂದು ಮೂಸಿ, ಕೆಂಚನ ಬಟ್ಟಲಿನ ಪಕ್ಕ ಹೋಗಿ ಕೂತಳು. ಕೆಲವು ದಿನ ಅವಳ ಊಟ ಅರ್ಧಕ್ಕೆ ಇಳಿಯಿತು, ಬಚ್ಚಲು, ದಣಪೆ, ಕೊಟ್ಟಿಗೆ ಸುತ್ತುತ್ತಿದ್ದಳು. ಊಟದ ಹೊತ್ತು, ಸುತ್ತಾಡಿಸುವ ಹೊತ್ತು ಎಂದಿನ ಹಾಗೇ ಇರಲಿ. ಎರಡು ದಿನ ಏನನ್ನೂ ಮುಟ್ಟದಿದ್ದರೆ ದುಃಖ ಎಂದು ಸುಮ್ಮನಿರದೆ ಡಾಕ್ಟರಿಗೆ ತೋರಿಸಿ, ಮೊದಲಿನದಕ್ಕೆ ಇದ್ದ ಕಾಯಿಲೆ ಇದಕ್ಕೂ ತಗುಲಿರಬಹುದು. ಬೆಳ್ಳಿಗೂ ಆ ವಾರವೇ ರಕ್ತಪರೀಕ್ಷೆ ಮಾಡಿಸಿದೆವು.