ನೆಂಟರಿಗೆ ಮಂಗಳೂರು ತೋರಿಸುವುದು ಹೇಗೆ?

ಡಿಸೆಂಬರ್ ಬಂದರೆ ಸಾಕು, ನಮ್ಮ ಮನೆಯ ಫೋನ್ ಶುರುವಾಗುತ್ತದೆ. ಹೋದ ಸಲ ಹುಬ್ಬಳ್ಳಿಯ ಭಾವನದು. "ಮೂರು ದಿನ ಸೂಟಿ ಐತಿ, ಬರಾಕತ್ತೀವಿ. ಮಂಗಳೂರು, ಉಡುಪಿ, ಧರ್ಮಸ್ಥಳ, ಕೊಲ್ಲೂರು ಎಲ್ಲಾ ಮುಗಿತೈತಲ್ಲ?"

ಮುಗಿಯುತ್ತದೆ ಭಾವ, ನಾವೂ ಮುಗಿಯುತ್ತೇವೆ. ಧರ್ಮಸ್ಥಳ ಇರುವುದು ಪೂರ್ವಕ್ಕೆ 75 ಕಿಲೋಮೀಟರ್ ದೂರದಲ್ಲಿ. ಕೊಲ್ಲೂರು ಉತ್ತರಕ್ಕೆ, ಅದರ ಹತ್ತಿರ ಹತ್ತಿರ ಎರಡು ಪಟ್ಟು. ಆ ಲೆಕ್ಕದಲ್ಲಿ ನೆಂಟರು ನೋಡುವುದು ಹೆದ್ದಾರಿ ಮಾತ್ರ. ನಾನೂ ಒಮ್ಮೆ ಅದೇ ತಪ್ಪು ಮಾಡಿದ್ದೇನೆ. ಒಂದೇ ದಿನಕ್ಕೆ ಆರು ಜಾಗ ಅಂತ ಚೀಟಿ ಬರೆದುಕೊಂಡು ಹೊರಟು, ಕಾರ್ಕಳದ ಗೊಮ್ಮಟನ ಬಂಡೆಯ ಬುಡಕ್ಕೆ ಮುಟ್ಟಿದ್ದು ಮಧ್ಯಾಹ್ನ ಹನ್ನೆರಡೂವರೆಗೆ. ಚಪ್ಪಲಿ ಬಿಟ್ಟು ಹತ್ತಬೇಕು. ಭಾವನ ತಾಯಿ ಎಂಟು ಮೆಟ್ಟಿಲು ಹತ್ತುವಷ್ಟರಲ್ಲಿ ಒಂದು ಕಾಲು ನೆಲಕ್ಕೆ, ಒಂದು ಕಾಲು ಗಾಳಿಗೆ. ಅವರು ಗೊಮ್ಮಟನನ್ನು ಕೆಳಗಿಂದಲೇ ಕೈಮುಗಿದು ಕಾರಿಗೆ ವಾಪಸ್ ಬಂದರು. ಆಮೇಲೆ ಇಡೀ ದಿನ ಯಾರೂ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ.

ಅಂದಿನಿಂದ ನನ್ನದು ಒಂದೇ ಲೆಕ್ಕ. ದಿನಕ್ಕೆ ಒಂದೇ ದಿಕ್ಕು. ಮತ್ತೆ, ಜಾಗದ ಪಟ್ಟಿಗಿಂತ ಮೊದಲು ಗಡಿಯಾರ ನೋಡುವುದು.

ಮೊದಲ ಹೆಜ್ಜೆ: ಹೊರಡುವ ಮುಂಚೆ ಮೂರು ಪ್ರಶ್ನೆ

ಯಾವ ತಿಂಗಳು ಬರುತ್ತಾರೆ? ಯಾರಿಗೆ ಮೊಣಕಾಲು ನೋವು ಉಂಟು? ಮೀನು ತಿನ್ನುತ್ತಾರಾ? ಇಷ್ಟು ಕೇಳಿದರೆ ಅರ್ಧ ಪ್ಲಾನ್ ತಾನಾಗಿ ಆಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರದ ಆಸೆ ಬಿಡಬೇಕು. ಏಪ್ರಿಲ್, ಮೇ ಆದರೆ ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿಲ್ಲ, ಸೆಕೆ ಅಷ್ಟು. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಆಗ ರಾತ್ರಿ ಎಲ್ಲಾದರೂ ಯಕ್ಷಗಾನ, ಶನಿವಾರ ಭಾನುವಾರ ಎಲ್ಲಾದರೂ ಕಂಬಳ ಇದ್ದೇ ಇರುತ್ತದೆ.

ಕಾರು ಇಲ್ಲದಿದ್ದರೆ ಚಿಂತೆ ಬೇಡ. ಸ್ಟೇಟ್‌ಬ್ಯಾಂಕ್ ಅಂದರೆ ನಮ್ಮೂರಲ್ಲಿ ಬ್ಯಾಂಕ್ ಅಲ್ಲ, ಬಸ್ ಸ್ಟ್ಯಾಂಡ್. ನೆಂಟರಿಗೆ ಇದನ್ನು ಮೊದಲೇ ಹೇಳಿಬಿಡಿ, ಇಲ್ಲವಾದರೆ ಕಂಡಕ್ಟರ್ ಕೂಗುವುದು ಕೇಳಿ ಗಾಬರಿಯಾಗುತ್ತಾರೆ. ಇಲ್ಲಿ ಖಾಸಗಿ ಬಸ್ಸುಗಳೇ ಜಾಸ್ತಿ. ಹೆಂಗಸರ ಉಚಿತ ಟಿಕೆಟ್ ಸರ್ಕಾರಿ ಬಸ್ಸಿಗೆ ಮಾತ್ರ, ಹಾಗಾಗಿ ಚಿಲ್ಲರೆ ಕೈಯಲ್ಲಿರಲಿ.

ಎರಡನೇ ಹೆಜ್ಜೆ: ಮೊದಲ ದಿನ ಊರೊಳಗೆ

ಬೆಳಿಗ್ಗೆ ಆರಕ್ಕೆ ಎಬ್ಬಿಸಿ ದಕ್ಕೆಗೆ, ಅಂದರೆ ಮೀನುಗಾರಿಕೆ ಬಂದರಿಗೆ, ಕರೆದುಕೊಂಡು ಹೋಗಿ. ಬೈದುಕೊಂಡೇ ಬರುತ್ತಾರೆ, ಬರಲಿ. ಮೀನುಗಾರಿಕೆ ದೋಣಿಗಳು ಸಾಲಾಗಿ ನಿಂತಿರುತ್ತವೆ. ಬುಟ್ಟಿ ಬುಟ್ಟಿ ಬಂಗುಡೆ, ಬೂತಾಯಿ ಇಳಿಯುತ್ತಿರುತ್ತವೆ. ಏಲಂ ಕೂಗುವವರ ತುಳು ನನಗೇ ಅರ್ಧ ಅರ್ಥವಾಗುವುದಿಲ್ಲ, ಅಷ್ಟು ಸ್ಪೀಡು. ನೆಲವೆಲ್ಲ ಮೀನಿನ ನೀರು, ಆದ್ದರಿಂದ ಒಳ್ಳೆಯ ಶೂ ಮನೆಯಲ್ಲೇ ಇರಲಿ. ದಾರಿಗೆ ಅಡ್ಡ ನಿಂತು ಫೋಟೋ ತೆಗೆಯಬೇಡಿ. ತಲೆಯ ಮೇಲೆ ಬುಟ್ಟಿ ಇರುವವರಿಗೆ ಬ್ರೇಕ್ ಇರುವುದಿಲ್ಲ. ನೇತ್ರಾವತಿ ಮತ್ತು ಗುರುಪುರ ನದಿ ಎರಡೂ ಇಲ್ಲೇ ಹತ್ತಿರದ ಅಳಿವೆಬಾಗಿಲಿನಲ್ಲಿ ಸಮುದ್ರ ಸೇರುತ್ತವೆ. ಊರು ಹುಟ್ಟಿದ್ದು, ಬೆಳೆದದ್ದು ಆ ಬಾಗಿಲಿನಿಂದ. ಆದ್ದರಿಂದ ಶುರುವೂ ಅಲ್ಲಿಂದಲೇ ಆಗಲಿ ಅನ್ನುವುದು ನನ್ನ ಹಟ. ಜೂನ್, ಜುಲೈಯಲ್ಲಿ ಮಾತ್ರ ಇದು ಬೇಡ, ಆಗ ಮೀನುಗಾರಿಕೆಗೆ ರಜೆ.

ಅಲ್ಲಿಂದ ಬನ್ಸ್ ತಿನ್ನಲು ಯಾವುದಾದರೂ ಹಳೆಯ ಹೋಟೆಲಿಗೆ. ಬನ್ಸ್ ಅಂದರೆ ಬೇಕರಿಯದ್ದಲ್ಲ, ಬಾಳೆಹಣ್ಣು ಕಲಸಿ ಕರಿದ ಪೂರಿಯಂಥದ್ದು ಅಂತ ವಿವರಿಸಬೇಕಾಗುತ್ತದೆ. ವಿವರಿಸಿ. ಎರಡನೇ ಪ್ಲೇಟ್ ಅವರೇ ಹೇಳುತ್ತಾರೆ.

ಆಮೇಲೆ ಕದ್ರಿ. ಮಂಜುನಾಥ ದೇವಸ್ಥಾನದಲ್ಲಿ ಜನ ಗರ್ಭಗುಡಿ ನೋಡಿ ಬಂದುಬಿಡುತ್ತಾರೆ. ನೀವು ಲೋಕೇಶ್ವರನ ಕಂಚಿನ ವಿಗ್ರಹದ ಮುಂದೆ ಎರಡು ನಿಮಿಷ ನಿಲ್ಲಿಸಿ. ಮೂರು ಮುಖ, ಆರು ಕೈ, ಪೀಠದಲ್ಲಿ ಶಾಸನ. ಕ್ರಿ.ಶ. 968ರಲ್ಲಿ ಅಳುಪ ದೊರೆ ಕುಂದವರ್ಮ ಮಾಡಿಸಿದ್ದು. ಸಾವಿರ ವರ್ಷ ದಾಟಿದ ಕಂಚಿನ ಎದುರು ನಿಂತಿದ್ದೇವೆ ಅಂತ ಹೇಳಿದರೆ ಮಕ್ಕಳೂ ಒಂದು ಕ್ಷಣ ಮೊಬೈಲ್ ಕೆಳಗಿಡುತ್ತಾರೆ. ಹಿಂದುಗಡೆ ಗುಡ್ಡದ ಒರತೆಯ ನೀರು ಬೀಳುವ ಕೆರೆಗಳಿವೆ. ಮೇಲೆ ಹತ್ತಿದರೆ ಜೋಗಿ ಮಠ, ಪಾಂಡವರ ಗುಹೆ. ಮೊಣಕಾಲಿನವರು ಕೆರೆಯ ಹತ್ತಿರ ಕುಳಿತುಕೊಳ್ಳಲಿ.

ಬಿಸಿಲು ಏರಿತು ಅಲ್ವಾ? ಈಗ ಸೂರಿನಡಿಗೆ ಹೋಗುವ ಹೊತ್ತು. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್. ಊರಲ್ಲಿ ಒಂದೇ ಒಂದು ಜಾಗ ತೋರಿಸು ಅಂದರೆ ನಾನು ಇದನ್ನೇ ತೋರಿಸುತ್ತೇನೆ. ಇಟಲಿಯ ಜೆಸ್ವಿಟ್ ಬ್ರದರ್ ಆಂಟೋನಿಯೊ ಮೊಸ್ಕೇನಿ 1899ರಲ್ಲಿ ಕುಂಚ ಹಿಡಿದು ಸುಮಾರು ಎರಡು ವರ್ಷದಲ್ಲಿ ಗೋಡೆ, ಚಾವಣಿ ಎಲ್ಲ ತುಂಬಿಸಿದರು. ಗೋಡೆಯದ್ದು ಫ್ರೆಸ್ಕೋ, ಅಂದರೆ ಗಾರೆ ಇನ್ನೂ ಹಸಿಯಿರುವಾಗಲೇ ಬಣ್ಣ ಹಚ್ಚಿ ಮುಗಿಸಬೇಕು. ಒಣಗಿದರೆ ಮುಗಿಯಿತು, ತಿದ್ದುವ ಹಾಗಿಲ್ಲ. ನಮ್ಮ ಊರಿನ ಮಳೆಗಾಲದಲ್ಲಿ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ, ಈ ಮನುಷ್ಯ ಗಾರೆಯ ಜೊತೆ ಹೇಗೆ ಏಗಿದರೋ ಅಂತ ನನಗೆ ಪ್ರತಿಸಲ ಅನ್ನಿಸುತ್ತದೆ. ಒಳಗೆ ಫೋಟೋ ತೆಗೆಯುವ ಹಾಗಿಲ್ಲ. ಒಳ್ಳೆಯದೇ ಆಯ್ತು. ಬೆಂಚಿನ ಮೇಲೆ ಕುಳಿತು ಕತ್ತು ಎತ್ತಿ ನೋಡಿ.

ಮಧ್ಯಾಹ್ನದ ಊಟ, ಒಂದು ನಿದ್ದೆ. ನಾಚಿಕೆ ಬೇಡ, ಇಲ್ಲಿನ ಸೆಕೆಯಲ್ಲಿ ನಿದ್ದೆಯೂ ಪ್ಲಾನಿನ ಭಾಗ. ಹೇಗೂ ಒಂದು ಒಂದೂವರೆಯಿಂದ ನಾಲ್ಕರ ತನಕ ಹೆಚ್ಚಿನ ದೇವಸ್ಥಾನಗಳ ಬಾಗಿಲು ಹಾಕಿರುತ್ತದೆ.

ನಾಲ್ಕಕ್ಕೆ ಗೋಳಿಬಜೆ, ಚಹಾ. ಆಮೇಲೆ ಬೋಳೂರಿನ ಸುಲ್ತಾನ್ ಬತ್ತೇರಿ. ಟಿಪ್ಪು ಕಟ್ಟಿಸಿದ ಕಾವಲು ಬುರುಜು ಅದು, ಗುರುಪುರ ನದಿಯೊಳಗೆ ಶತ್ರುವಿನ ಹಡಗು ನುಗ್ಗದಿರಲಿ ಅಂತ. ಕೋಟೆ ಅಂತ ದೊಡ್ಡದಾಗಿ ಹೇಳಿ ಕರೆತರಬೇಡಿ, ಹತ್ತು ನಿಮಿಷದಲ್ಲಿ ನೋಡಿ ಆಗುತ್ತದೆ. ಚಂದ ಇರುವುದು ಅದರ ಮೇಲಿಂದ ಕಾಣುವ ಹೊಳೆ. ಎದುರು ದಡವೇ ತಣ್ಣೀರುಬಾವಿ. ದೋಣಿ ಸಿಕ್ಕಿದರೆ ದಾಟಿ, ಸ್ವಲ್ಪ ನಡೆದರೆ ಕಡಲು. ವಾಪಸ್ ಕೊನೆಯ ದೋಣಿ ಎಷ್ಟಕ್ಕೆ ಅಂತ ದಾಟುವ ಮುಂಚೆಯೇ ಕೇಳಿ. ಸೂರ್ಯ ಮುಳುಗುವುದನ್ನು ನೋಡುತ್ತಾ ಕುಳಿತರೆ ದೋಣಿಯವರು ಮನೆಗೆ ಹೋಗಿರುತ್ತಾರೆ.

ರಾತ್ರಿ ಗಡ್‌ಬಡ್. ಉದ್ದದ ಗ್ಲಾಸಿನಲ್ಲಿ ಐಸ್‌ಕ್ರೀಂ, ಹಣ್ಣು, ಜೆಲ್ಲಿ. ಉದ್ದ ಚಮಚ ತಳದವರೆಗೆ ಇಳಿಸಿ ಎಲ್ಲ ಸೇರಿಸಿಯೇ ತಿನ್ನಬೇಕು.

ಮೂರನೇ ಹೆಜ್ಜೆ: ಎರಡನೇ ದಿನ ಮೂಡುಬಿದಿರೆ, ಕಾರ್ಕಳ

ಇಲ್ಲಿ ಹೆಚ್ಚಿನವರು ಮಾಡುವ ತಪ್ಪು ಕ್ರಮದ್ದು. ದಾರಿಯಲ್ಲಿ ಮೂಡುಬಿದಿರೆ ಮೊದಲು ಸಿಗುತ್ತದೆ ಅಂತ ಅಲ್ಲಿ ಇಳಿಯುತ್ತಾರೆ, ಕಾರ್ಕಳಕ್ಕೆ ಮುಟ್ಟುವಾಗ ಬಂಡೆ ಕಾದ ಕಾವಲಿ. ನೀವು ತಿರುಗಿಸಿ. ಬೆಳಿಗ್ಗೆ ಬೇಗ ಹೊರಟು ಮೂಡುಬಿದಿರೆಯನ್ನು ದಾಟಿ ಸೀದಾ ಕಾರ್ಕಳಕ್ಕೆ ಹೋಗಿ. ಎಂಟು ಎಂಟೂವರೆಗೆ ಬಂಡೆ ಇನ್ನೂ ತಂಪು. ಮೆಟ್ಟಿಲುಗಳನ್ನು ಬಂಡೆಯಲ್ಲೇ ಕಡಿದಿದ್ದಾರೆ. ಮೇಲೆ 42 ಅಡಿಯ ಗೊಮ್ಮಟ, 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ್ದು. ಕಾಲಿನಿಂದ ಮೇಲೆ ಹತ್ತುವ ಬಳ್ಳಿಯನ್ನು ಹತ್ತಿರದಿಂದ ನೋಡಿ, ಎಲೆ ಎಲೆಯೂ ಬೇರೆ ಬೇರೆ ಕಾಣುತ್ತದೆ. ಒಂದು ಜೊತೆ ದಪ್ಪ ಸಾಕ್ಸ್ ಬ್ಯಾಗಿನಲ್ಲಿ ಇರಲಿ. ಭಾವನ ತಾಯಿ ಎರಡನೇ ಸಲ ಬಂದಾಗ ಅದನ್ನು ಹಾಕಿಕೊಂಡೇ ಮೇಲೆ ಮುಟ್ಟಿದರು.

ಎದುರಿನ ದಿಬ್ಬದಲ್ಲಿ ಚತುರ್ಮುಖ ಬಸದಿ, 1586ರದ್ದು. ನಾಲ್ಕು ಕಡೆಯಿಂದ ನೋಡಿದರೂ ಒಂದೇ ಥರ. ನಾಲ್ಕು ದಿಕ್ಕಿಗೂ ಬಾಗಿಲು. ಗಾಳಿ ಬೀಸುತ್ತಾ ಇರುತ್ತದೆ, ಕಂಬಕ್ಕೆ ಒರಗಿ ಕುಳಿತರೆ ಆಚೆ ಗೊಮ್ಮಟ ಕಾಣುತ್ತಾನೆ. ಮಕ್ಕಳಿಗೆ ನೀರು ಕುಡಿಸಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಹನ್ನೊಂದರ ಹೊತ್ತಿಗೆ ಕೆಳಗಿಳಿದು ಮೂಡುಬಿದಿರೆಗೆ. ಇಪ್ಪತ್ತು ಕಿಲೋಮೀಟರ್ ಒಳಗೆ. ಊರಲ್ಲಿ 18 ಬಸದಿ ಉಂಟು, ಎಲ್ಲ ನೋಡಲು ಹೋಗಬೇಡಿ. ಸಾವಿರ ಕಂಬದ ಬಸದಿ ಒಂದನ್ನೇ ಒಂದು ಗಂಟೆ ನೋಡಿ. 1430ರಲ್ಲಿ ಕಟ್ಟಿದ್ದು. ಹೊರಗಿನಿಂದ ಇಳಿಜಾರು ಮಾಡು ನಮ್ಮ ಕರಾವಳಿಯ ಮನೆಯದ್ದೇ ಹಾಗೆ, ಮಳೆ ಎಲ್ಲರಿಗೂ ಒಂದೇ ಅಲ್ವಾ? ಒಳಗೆ ಹೋದರೆ ಕಂಬದ ಕಾಡು. ಒಂದರ ಕೆತ್ತನೆಯ ಹಾಗೆ ಇನ್ನೊಂದಿಲ್ಲ ಅನ್ನುತ್ತಾರೆ. ಮಕ್ಕಳಿಗೆ ಒಂದೇ ಥರದ ಎರಡು ಕಂಬ ಹುಡುಕಲು ಹೇಳಿ, ದೊಡ್ಡವರು ಅರ್ಧ ಗಂಟೆ ನೆಮ್ಮದಿಯಾಗಿ ಇರಬಹುದು.

ಇನ್ನೊಂದು ಹುಡುಕಾಟವೂ ಉಂಟು. ಇದೇ ಬಸದಿಯ ಭೈರಾದೇವಿ ಮಂಟಪದ ಬುಡದ ಕಲ್ಲಿನ ಸಾಲಿನಲ್ಲಿ ಆನೆ ಕುದುರೆಗಳ ಜೊತೆ ಒಂದು ಜಿರಾಫೆ, ಒಂದು ಚೀನಾದ ಡ್ರ್ಯಾಗನ್ ಇವೆ. ಬಗ್ಗಿ ನೋಡಬೇಕು, ಇಲ್ಲವಾದರೆ ತಪ್ಪಿಹೋಗುತ್ತದೆ. ಆಫ್ರಿಕಾದ ಪ್ರಾಣಿ ಮೂಡುಬಿದಿರೆಯ ಶಿಲ್ಪಿಗೆ ಎಲ್ಲಿ ಸಿಕ್ಕಿತು? ಹಡಗಿನಲ್ಲಿ ಬಂದುಹೋಗುವವರ ಬಾಯಿಂದಲೇ ಇರಬೇಕು ಅಂತ ನನ್ನ ಊಹೆ. ಮೊದಲ ದಿನ ದಕ್ಕೆ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ.

ವಾಪಸ್ ಬರುವಾಗ ಕಿನ್ನಿಗೋಳಿ ದಾರಿ ಹಿಡಿದರೆ ಕಟೀಲು. ನಂದಿನಿ ಹೊಳೆ ಎರಡಾಗಿ ಸೀಳಿ ನಡುವೆ ದೇವಸ್ಥಾನ. ಈ ಕಡೆಯ ಕೆಲವು ದೇವಸ್ಥಾನಗಳಲ್ಲಿ ಗಂಡಸರು ಅಂಗಿ ತೆಗೆಯಬೇಕು, ನೆಂಟರಿಗೆ ಮೊದಲೇ ಹೇಳಿ. ಇಲ್ಲಿನ ಯಕ್ಷಗಾನ ಮೇಳಗಳ ಹರಕೆ ಆಟಕ್ಕೆ ಜನ ವರ್ಷಗಟ್ಟಲೆ ಮುಂಚೆ ಬುಕ್ ಮಾಡಿ ಕಾಯುತ್ತಾರೆ. ನೋಡುವುದಕ್ಕೆ ಮಾತ್ರ ಟಿಕೆಟ್ ಬೇಡ, ಬಯಲಲ್ಲಿ ಹೋಗಿ ಕುಳಿತರಾಯಿತು. ಆ ರಾತ್ರಿ ಆಟ ಎಲ್ಲಿ ಅಂತ ವಿಚಾರಿಸಿಕೊಳ್ಳಿ.

ನಾಲ್ಕನೇ ಹೆಜ್ಜೆ: ಮೂರನೇ ದಿನ ಉಡುಪಿ ಕಡೆ

ಸುಮಾರು 60 ಕಿಲೋಮೀಟರ್. ಕೃಷ್ಣ ಮಠ, ಕನಕನ ಕಿಂಡಿ, ರಥಬೀದಿ, ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ರಜೆಯ ದಿನ ಸಾಲು ಉದ್ದ, ಬೆಳಿಗ್ಗೆಯೇ ಮುಗಿಸಿ ಅಂತ ಮಾತ್ರ ಹೇಳುತ್ತೇನೆ.

ಮಲ್ಪೆಗೆ ಅಲ್ಲಿಂದ ಆರು ಕಿಲೋಮೀಟರ್. ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಸಿಗುವುದು ಇಲ್ಲಿ. ಕಡಲು ಸುಮ್ಮನಿದ್ದರೆ ಮಾತ್ರ ಬಿಡುತ್ತಾರೆ, ಮಳೆಗಾಲದಲ್ಲಿ ಪೂರ್ತಿ ಬಂದ್. ದ್ವೀಪದಲ್ಲಿ ಜನ ತೆಂಗಿನ ಮರದ ಕೆಳಗೆ ಸೆಲ್ಫಿ ತೆಗೆದು ಬರುತ್ತಾರೆ. ನೀವು ಬಂಡೆ ತೋರಿಸಿ. ಯಾರೋ ಉಳಿಯಿಂದ ಕಡಿದು ಜೋಡಿಸಿದ ಹಾಗೆ ಆರು ಮೂಲೆ, ಐದು ಮೂಲೆಯ ಕಲ್ಲಿನ ಕಂಬಗಳು ಸಾಲಾಗಿ ನಿಂತಿವೆ. ಕಡಿದವರು ಯಾರೂ ಇಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದೆ ಉಕ್ಕಿದ ಲಾವಾ ತಣ್ಣಗಾಗುತ್ತಾ ಬಿರಿದು ಹೀಗೆ ಆಗಿದೆ, ಗದ್ದೆಯ ಕೆಸರು ಒಣಗಿ ಬಿರುಕು ಬಿಡುತ್ತದಲ್ಲ, ಹಾಗೆ. ಆಗ ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿತ್ತು. ಬಂಡೆ ಚೂಪು, ಪಾಚಿ ಜಾರುತ್ತದೆ. ಹವಾಯಿ ಚಪ್ಪಲಿ ಬೇಡ, ಪಟ್ಟಿ ಇರುವ ಸ್ಯಾಂಡಲ್ ಹಾಕಿ. ಟೊಪ್ಪಿ, ನೀರು ಇಲ್ಲಿಂದಲೇ ಒಯ್ಯಿರಿ, ಖಾಲಿ ಬಾಟ್ಲಿ ವಾಪಸ್ ತನ್ನಿ.

ಹಿಂದೆ ಬರುವಾಗ ಸಂಜೆಗೆ ಕಾಪು. 1901ರ ದೀಪಸ್ತಂಭ, ಬಂಡೆಯ ಮೇಲೆ. ಸಂಜೆ ಸ್ವಲ್ಪ ಹೊತ್ತು ಮೇಲೆ ಹತ್ತಲು ಬಿಡುತ್ತಾರೆ. ಹತ್ತಿದರೆ ಒಂದು ಕಡೆ ಪೂರ್ತಿ ಕಡಲು, ಇನ್ನೊಂದು ಕಡೆ ಪೂರ್ತಿ ತೆಂಗು.

ಕಡಲಿಗೆ ಇಳಿಯುವ ಮುಂಚೆ

ಬಯಲು ಸೀಮೆಯ ನೆಂಟರು ಕಡಲು ಕಂಡ ಕೂಡಲೇ ಓಡುತ್ತಾರೆ. ಇದೊಂದು ವಿಷಯದಲ್ಲಿ ನಾನು ಜೋರು. ಮೊಣಕಾಲಿನವರೆಗೆ ನೀರು, ಅದಕ್ಕಿಂತ ಮುಂದಿಲ್ಲ. ಪಣಂಬೂರಿನಲ್ಲಿ ಜೀವರಕ್ಷಕರು ಇರುತ್ತಾರೆ, ಅವರು ಸೀಟಿ ಊದಿದರೆ ವಾದ ಬೇಡ. ಉಳ್ಳಾಲದ ಸೋಮೇಶ್ವರದಲ್ಲಿ ಬಂಡೆಗೆ ಅಲೆ ಹೊಡೆಯುವುದನ್ನು ದೂರದಿಂದ ನೋಡಿ, ಅಲ್ಲಿ ನೀರಿಗೆ ಇಳಿಯುವುದೇ ಬೇಡ. ಸಸಿಹಿತ್ಲುವಿನಲ್ಲಿ ಹೊಳೆ ಕಡಲು ಸೇರುವ ಜಾಗ ಚಂದ, ಆದರೆ ಸೆಳೆತ ಇರುವುದೂ ಅಲ್ಲೇ. ಅಲೆಯ ಮೇಲೆ ಆಡುವ ಹುಚ್ಚು ಇದ್ದವರು ಮೂಲ್ಕಿಯಲ್ಲಿ ಸರ್ಫಿಂಗ್ ಕಲಿಸುವವರ ಹತ್ತಿರ ಹೋಗಲಿ.

ಮಳೆ ಬಂದರೆ

ಚಾಪೆಲ್, ಬಸದಿ, ಕಟೀಲು ಮಳೆಯಲ್ಲಿ ಇನ್ನೂ ಚಂದ. ಮೃಗಾಲಯ, ತಾರಾಲಯ ಎರಡೂ ಇರುವ ಪಿಲಿಕುಳವನ್ನು ಮಳೆ ಬಿಡುವು ಕೊಟ್ಟ ದಿನ ನೋಡಿ. ಪಿಲಿ ಅಂದರೆ ತುಳುವಿನಲ್ಲಿ ಹುಲಿ, ಕುಳ ಅಂದರೆ ಕೆರೆ. ಹುಲಿ ನೀರಿಗೆ ಬರುತ್ತಿದ್ದ ಕೆರೆಯಂತೆ, ಈಗ ಹುಲಿ ಬೇಲಿಯೊಳಗೆ. ಸೋಮವಾರ ಹೋಗಬೇಡಿ, ಬಾಗಿಲು ಹಾಕಿರುತ್ತದೆ. ಸುತ್ತಲೂ ಸುರಿದರೂ ತಾರಾಲಯದೊಳಗೆ ಒದ್ದೆಯಾಗುವುದಿಲ್ಲ.

ಹೊರಡುವ ದಿನ

ನೆಂಟರು ಊರಿಗೆ ಒಯ್ಯಲು ಏನಾದರೂ ಕೇಳುತ್ತಾರೆ. ಹಲಸಿನ ಹಪ್ಪಳ, ಗೋಡಂಬಿ, ಕೋರಿ ರೊಟ್ಟಿ ಪ್ಯಾಕೆಟ್ ಕೊಡಿಸಿ. ರೊಟ್ಟಿಯನ್ನು ಬ್ಯಾಗಿನ ಎಲ್ಲಕ್ಕಿಂತ ಮೇಲೆ ಇಡಿ. ಹೋದ ಸಲ ಭಾವ ಅದರ ಮೇಲೆ ಸೂಟ್‌ಕೇಸ್ ಇಟ್ಟು, ಹುಬ್ಬಳ್ಳಿ ಮುಟ್ಟಿದ ಮೇಲೆ ಫೋನ್ ಮಾಡಿದರು. "ರೊಟ್ಟಿ ಪೂರಾ ಪುಡಿ ಆಗೈತಲ್ಲೋ!"

"ಪರವಾಗಿಲ್ಲ ಭಾವ, ಹೇಗೂ ಅದನ್ನು ಪುಡಿ ಮಾಡಿಯೇ ಕೋಳಿ ಸಾರು ಹಾಕುವುದು" ಅಂದೆ.