ಕೋಟೆ ಹತ್ತೋಕೆ ಯಾವ ರೀಲ್ ಕ್ಯಾಮೆರಾ: ಯಾಶಿಕಾನಾ, ಕ್ಯಾನೊನೆಟ್ಟಾ?

ಹಳೇ ರೇಂಜ್‌ಫೈಂಡರ್ (ಕಿಂಡೀಲಿ ಎರಡು ಬಿಂಬ ಒಂದು ಮಾಡಿ ಫೋಕಸ್ ಮಾಡೋ ರೀಲ್ ಕ್ಯಾಮೆರಾ) ತಗೋಬೇಕು ಅಂತ ಹುಡುಕೋಕೆ ಕೂತರೆ ಎರಡು ಹೆಸರು ಪದೇ ಪದೇ ಎದುರಾಗ್ತವೆ, 1973ರ ಯಾಶಿಕಾ ಎಲೆಕ್ಟ್ರೋ 35 ಜಿಎಸ್‌ಎನ್, 1972ರ ಕ್ಯಾನನ್ ಕ್ಯಾನೊನೆಟ್ ಕ್ಯೂಎಲ್17 ಜಿ-3. ಎರಡಕ್ಕೂ ಎಫ್ 1.7 ಲೆನ್ಸು, ಫೋಟೋ ಎರಡರಲ್ಲೂ ಚಂದ ಬರ್ತವೆ, ಅದಕ್ಕೆ ತಲೆ ಕೆಡಿಸ್ಕೋಬೇಡ್ರಿ.

ಮೊದಲು ನೋಡ್ಬೇಕಾದ್ದು ಸೆಲ್ಲು. ಎಲೆಕ್ಟ್ರೋದಲ್ಲಿ ನೀವು ಅಪರ್ಚರ್ (ಲೆನ್ಸಿನ ಬಾಯಿ ಎಷ್ಟು ತೆರೀಬೇಕು ಅನ್ನೋದು, ಎಫ್ ನಂಬರ್ ಹೆಚ್ಚಾದಷ್ಟೂ ಬಾಯಿ ಚಿಕ್ಕದು) ಇಟ್ರೆ ಸಾಕು, ಶಟರ್ ಸ್ಪೀಡ್, ಅಂದ್ರೆ ಬೆಳಕು ಎಷ್ಟು ಹೊತ್ತು ಒಳಗೆ ಬರ್ಬೇಕು ಅನ್ನೋದು, ಅದೇ ನೋಡ್ಕೊಳ್ತದೆ, ಆದ್ರೆ ಸೆಲ್ ಸತ್ರೆ 1/500 ಸೆಕೆಂಡ್ ಒಂದೇ ಸ್ಪೀಡು. ನನಗೆ ಚಿತ್ರದುರ್ಗದ ಕೋಟೆ ಮೇಲೆ ಹಿಂಗೇ ಆಯ್ತು, ಬಂಡೆ ಮೇಲಿನ ಸುಡು ಬಿಸಿಲಲ್ಲಿ ಐಎಸ್‌ಒ 200ರ ರೋಲಿಗೆ ಎಫ್ 11 ಇಟ್ಟು ಹೆಂಗೋ ತೆಗೆದೆ, ಓಬವ್ವನ ಕಿಂಡಿ ಹತ್ರ ನೆರಳಿಗೆ ಬಂದಾಗ ತೆಗೆದದ್ದೆಲ್ಲ ಕಪ್ಪು. ಕ್ಯಾನೊನೆಟ್ಟಲ್ಲಿ ಸೆಲ್ ಹೋದ್ರೆ ಬೆಳಕು ಅಳೆಯೋ ಮೀಟರೂ ಅದರ ಆಟೋನೂ ಮಾತ್ರ ಹೋಗೋದು, 1/4ರಿಂದ 1/500 ತನಕ ಎಲ್ಲಾ ಸ್ಪೀಡೂ ಕೆಲಸ ಮಾಡ್ತವೆ, ಬೆಳಕನ್ನ ನೀವೇ ಅಂದಾಜು ಮಾಡಿದ್ರಾಯ್ತು. ಎರಡಕ್ಕೂ ಮೂಲದಲ್ಲಿ ಇದ್ದ ಪಾದರಸದ ಸೆಲ್ ಈಗ ಬರಲ್ಲ, ಯಾಶಿಕಾಗೆ ಅಡಾಪ್ಟರ್ ಹಾಕಿ 6 ವೋಲ್ಟಿಂದು ಹಾಕ್ಬೇಕು, ಕ್ಯಾನೊನೆಟ್ಟಿಗೆ ಕಿವಿ ಮಷಿನ್ನಿನ 675 ಸೆಲ್ಲಿಗೆ ಒಂದು ಬಳೆ ಸುತ್ತಿ ಕೂರಿಸ್ತಾರೆ.

ಎರಡನೇದು, ಎಲ್ಲಿ ತೆಗೀತೀರಿ? ಚಂದ್ರವಳ್ಳಿ ಗುಹೆ ಒಳಗಿನ ಕತ್ತಲೆ ಇಷ್ಟ ಆಗೋರಿಗೆ ಯಾಶಿಕಾನೇ ಸರಿ, ಕಲ್ಲಿನ ಮೇಲೆ ಇಟ್ಟು ಟೈಮರ್ ಒತ್ತಿ ಕೈ ಬಿಟ್ರೆ 30 ಸೆಕೆಂಡ್ ತನಕ ತಾನೇ ಶಟರ್ ತೆರೆದು ಇಟ್ಕೊಳ್ತದೆ, ಆ ಸುಖ ಕ್ಯಾನೊನೆಟ್ಟಲ್ಲಿ ಇಲ್ಲ. ಸಂತೆ, ಜಾತ್ರೆ, ದಾವಣಗೆರೆಯ ಬೆಣ್ಣೆದೋಸೆ ಕಾವಲಿ ಮುಂದೆ ಅಂದ್ರೆ ಚಿಕ್ಕದಾಗಿ, ಹಗುರಾಗಿ ಇರೋ ಕ್ಯಾನೊನೆಟ್ಟೇ ಕೈಗೆ ಹಿತ.

ಲೆನ್ಸ್ ಮುಚ್ಚಳದ ಬಗ್ಗೆ ಒಂದು ಮಾತು. ನಾವು ನೋಡೋ ಕಿಂಡಿ ಬೇರೆ, ಲೆನ್ಸ್ ಬೇರೆ, ಹಂಗಾಗಿ ಮುಚ್ಚಳ ಹಾಕಿದ್ದೇ ಗೊತ್ತಾಗಲ್ಲ. ಕ್ಯಾನೊನೆಟ್ಟಿನ ಮೀಟರ್ ಕಣ್ಣು ಲೆನ್ಸ್ ಸುತ್ತಿನ ಒಳಗೇ ಐತೆ, ಆಟೋದಲ್ಲಿ ಇದ್ರೆ ಕತ್ತಲೆ ಕಂಡು ಕ್ಲಿಕ್ಕೇ ಆಗಲ್ಲ. ಯಾಶಿಕಾದ್ದು ಮೇಲೆ ಬಾಡಿಯಲ್ಲಿ ಐತೆ, ಅದು ಸುಮ್ಮನೆ ಕ್ಲಿಕ್ ಆಗ್ತಾ ಹೋಗ್ತದೆ, ರೋಲ್ ದಂಡ.

ದುಡ್ಡು ಕೊಡೋ ಮುಂಚೆ ಹೊರಗೆ ತಗೊಂಡು ಹೋಗ್ರಿ. ದೂರದ ಗುಡ್ಡದ ಮೇಲಿನ ಗಾಳಿಯಂತ್ರ ನೋಡಿ ಫೋಕಸ್‌ನ ದೂರದ ಕೊನೇ (∞ ಗುರುತಿನ) ತನಕ ತಿರುಗಿಸಿದ್ರೆ ಮಧ್ಯದ ಹಳದಿ ಚೌಕದಲ್ಲಿ ಎರಡು ಬಿಂಬ ಒಂದಾಗ್ಬೇಕು. ಹಿಂದಿನ ಬಾಗಿಲು ತೆಗೆದು ಕ್ಲಿಕ್ ಮಾಡಿ, ಶಟರ್ ಎಲೆಗಳು ಅಂಟಿಕೊಂಡಿದ್ರೆ ಬೇಡ ಅನ್ರಿ. ಯಾಶಿಕಾ ಆದ್ರೆ ವೈಂಡ್ ಮಾಡ್ವಾಗ ಒಳಗಿಂದ ‘ಟಕ್’ ಅಂತ ಶಬ್ದ ಬರ್ಬೇಕು, ಬರದಿದ್ರೆ ಒಳಗಿನ ರಬ್ಬರ್ ತುಂಡು ಕರಗಿ ಹೋಗಿರ್ತದೆ, ಬಿಚ್ಚಿ ರಿಪೇರಿ ಮಾಡಿಸ್ಬೇಕು. ಬಾಗಿಲಂಚಿನ ಫೋಮ್ ಅಂಟಂಟಾಗಿದ್ರೆ ಹೆದರ್ಬೇಡ್ರಿ, ಅದನ್ನ ಮನೇಲೇ ಕೆರೆದು ಹೊಸದು ಅಂಟಿಸ್ಬಹುದು.

ನನ್ನನ್ನ ಕೇಳಿದ್ರೆ ಮೊದಲ ಕ್ಯಾಮೆರಾ ಕ್ಯಾನೊನೆಟ್ಟೇ ಆಗ್ಲಿ. ಗುಹೆಯ ಹುಚ್ಚು ಹತ್ತಿದ ಮೇಲೆ ಯಾಶಿಕಾ ಹುಡುಕ್ರಿ.